ಸೋರುವ ರೋಟರಿ ಜಾಯಿಂಟ್: ಸೈಜಿಂಗ್ ಮಷಿನ್ನಿನ 4ನೇ ಸಿಲಿಂಡರ್ ದುರಸ್ತಿ

ಯಂತ್ರ: ಹಾಸಿನ ನೂಲಿಗೆ ಗಂಜಿ ಹಾಕಿ ಒಣಗಿಸುವ ಸೈಜಿಂಗ್ ಮಷಿನ್. ಒಣಗಿಸುವ ಸಿಲಿಂಡರುಗಳು 7. ಒಂದೊಂದರ ಹೊರವ್ಯಾಸ 800 ಮಿ.ಮೀ., ಅಗಲ 1.8 ಮೀಟರ್, ಸ್ಟೇನ್‌ಲೆಸ್ ತಗಡಿನ ದಪ್ಪ 4 ಮಿ.ಮೀ. ಸ್ಟೀಮ್ ಗೇಜಿನಲ್ಲಿ 3 ಬಾರ್, ಅಂದರೆ ಒಳಗೆ ಸುಮಾರು 144 ಡಿಗ್ರಿ ಸೆಲ್ಸಿಯಸ್. ನೂಲಿನ ವೇಗ ನಿಮಿಷಕ್ಕೆ 60 ಮೀಟರ್. ಸಿಲಿಂಡರ್ ನಿಮಿಷಕ್ಕೆ 24 ಸುತ್ತು. ನಿಂತ ಸ್ಟೀಮ್ ಪೈಪನ್ನು ತಿರುಗುವ ಸಿಲಿಂಡರಿಗೆ ಸೇರಿಸುವ ರೋಟರಿ ಜಾಯಿಂಟಿನ ನಿಪ್ಪಲ್ (ಸಿಲಿಂಡರಿಗೆ ತಿರುಪುವ ಗಿಡ್ಡ ಕೊಳವೆ) 1¼ ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ತಿರುಪು), ನಡುವೆ ಹೋಗಿ ಸಿಲಿಂಡರಿನ ನೀರನ್ನು ಹೊರತರುವ ಸೈಫನ್ ಪೈಪ್ ½ ಇಂಚು. ಸ್ಟೀಮ್ ಒಳಗೆ ಹೋಗುವುದೂ ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ಹೊರಗೆ ಬರುವುದೂ ಒಂದೇ ಕಡೆಯ ಜಾಯಿಂಟಿನಿಂದ.

ದೂರು ಎರಡು. 4ನೇ ಸಿಲಿಂಡರಿನ ಜಾಯಿಂಟ್ ಸೋರುತ್ತಿದೆ. ಅದರೊಳಗೆ ಸೀಲ್ ಆಗಿ ಕೂರುವ ಕಾರ್ಬನ್ ರಿಂಗ್ ಬದಲಿಸಿ 7 ತಿಂಗಳಾಯಿತು ಅಷ್ಟೆ. ಜೊತೆಗೆ ಅದೇ ಸಿಲಿಂಡರ್ ಅಕ್ಕಪಕ್ಕದವಕ್ಕಿಂತ ತಣ್ಣಗಿದೆ. ತಗಡಿಗೆ ತಾಗಿಸಿ ನೋಡುವ ಥರ್ಮಾಮೀಟರಿನಲ್ಲಿ 3 ಮತ್ತು 5ನೇ ಸಿಲಿಂಡರ್ 131 ಡಿಗ್ರಿ ತೋರಿದರೆ, 4ನೆಯದು ಅಂಚಿನಲ್ಲಿ 121, ನಡುವೆ 112. ಇಲ್ಲಿ ಇನ್‌ಫ್ರಾರೆಡ್ ಗನ್ ನಂಬಬೇಡಿ. ಹೊಳೆಯುವ ಸ್ಟೇನ್‌ಲೆಸ್ ಮೇಲೆ ಅದು ಹತ್ತಾರು ಡಿಗ್ರಿ ಕಡಿಮೆ ತೋರಿಸಿಬಿಡುತ್ತದೆ.

ಏಳು ತಿಂಗಳಿಗೆ ಕಾರ್ಬನ್ ಸವೆದಿದೆ ಎಂದರೆ ಹೊಸ ಕಾರ್ಬನ್ ಹಾಕುವುದು ದುರಸ್ತಿಯಲ್ಲ. ಸವೆಸಿದ್ದು ಯಾವುದು ಎಂದು ಮೊದಲು ತಿಳಿಯಬೇಕು.

ಜಾಯಿಂಟ್ ಒಳಗೆ ಏನಾಗುತ್ತದೆ

ಸಿಲಿಂಡರ್ ತಿರುಗುತ್ತದೆ, ಬಾಯ್ಲರಿನ ಪೈಪ್ ನಿಂತಿರುತ್ತದೆ. ಎರಡರ ನಡುವೆ ಸ್ಟೀಮ್ ಹೊರಗೆ ಬಾರದಂತೆ ದಾಟಿಸುವುದಷ್ಟೇ ರೋಟರಿ ಜಾಯಿಂಟಿನ ಕೆಲಸ. ಸಿಲಿಂಡರಿನ ಜರ್ನಲ್‌ಗೆ (ಬೇರಿಂಗಿನಲ್ಲಿ ಕೂರುವ ತುದಿಯ ಟೊಳ್ಳು ದಂಡಕ್ಕೆ) ತಿರುಪಿನಿಂದ ಕೂರುವ ನಿಪ್ಪಲ್ ಸಿಲಿಂಡರಿನ ಜೊತೆ ತಿರುಗುತ್ತದೆ. ನಿಪ್ಪಲ್ಲಿನ ಹೊರತುದಿಗೆ ಒಂದು ಕಾಲರ್. ಅದರ ಬೆನ್ನು ಗೋಳದ ತುಂಡಿನಂತೆ ಬಾಗಿರುತ್ತದೆ. ಆ ಬೆನ್ನಿಗೆ ಕಾರ್ಬನ್ ರಿಂಗ್ ಒರಗುತ್ತದೆ, ರಿಂಗನ್ನು ಎರಕದ ಬಾಡಿ ಹಿಡಿದಿರುತ್ತದೆ. ಬಾಡಿ ತಿರುಗುವುದಿಲ್ಲ. ನಿಪ್ಪಲ್ಲಿನ ಮೇಲೆ ಬಾಡಿ ನೇರವಾಗಿ ಕೂರಲು ಒಂದು ಕಾರ್ಬನ್ ಬುಷ್, ಮೊದಲ ಒತ್ತಡಕ್ಕೆ ಒಂದು ಸ್ಪ್ರಿಂಗ್, ಹಿಂದೆ ಮುಚ್ಚಳ. ಮುಚ್ಚಳದ ನಡುವಿನಿಂದ ಸೈಫನ್ ಪೈಪ್ ನಿಪ್ಪಲ್ಲಿನ ತೂತಿನೊಳಗೆ ತೂರಿ ಸಿಲಿಂಡರಿನ ಒಳಕ್ಕೆ ಹೋಗುತ್ತದೆ. ಪೈಪಿನ ಸುತ್ತ ಉಳಿದ ಸಂದಿಯಲ್ಲಿ ಸ್ಟೀಮ್ ಒಳಗೆ, ಪೈಪಿನೊಳಗೆ ನೀರು ಹೊರಗೆ.

ಸೀಲನ್ನು ಒತ್ತಿ ಹಿಡಿಯುವುದು ಸ್ಪ್ರಿಂಗ್ ಎಂದು ಹಲವರು ತಿಳಿದಿದ್ದಾರೆ. ಸ್ಪ್ರಿಂಗ್ ಬೇಕಾಗುವುದು ಸ್ಟೀಮ್ ಇಲ್ಲದಾಗ ಮತ್ತು ಶುರುವಿನಲ್ಲಿ. ಓಡುವಾಗ ಒತ್ತುವುದು ಸ್ಟೀಮೇ. ಈ ಜಾಯಿಂಟಿನಲ್ಲಿ ಸೀಲ್ ಕೂರುವ ಸರಾಸರಿ ವ್ಯಾಸ 50 ಮಿ.ಮೀ., ವಿಸ್ತೀರ್ಣ ಸುಮಾರು 1960 ಚದರ ಮಿ.ಮೀ. 3 ಬಾರ್ ಎಂದರೆ ಚದರ ಮಿ.ಮೀ.ಗೆ 0.3 ನ್ಯೂಟನ್. ಗುಣಿಸಿದರೆ 590 ನ್ಯೂಟನ್, ಹತ್ತಿರ ಹತ್ತಿರ 60 ಕೆ.ಜಿ. ಬಲ. ಅಷ್ಟು ಬಲದಿಂದ ಬಾಡಿ ಸಿಲಿಂಡರಿನಿಂದ ಹೊರಕ್ಕೆ ಎಳೆದುಕೊಳ್ಳುತ್ತದೆ. ಕಾಲರ್ ಮತ್ತು ಬಾಡಿಯ ನಡುವೆ ಕಾರ್ಬನ್ ಒತ್ತಿ ಕೂರುತ್ತದೆ. ಕಾರ್ಬನ್ ಸವೆದ ಹಾಗೆಲ್ಲ ಬಾಡಿ ಅಷ್ಟಷ್ಟೇ ಹೊರಗೆ ಸರಿಯುತ್ತದೆ. ಹಾಗಾಗಿ ಜರ್ನಲ್ ಮುಖದಿಂದ ಬಾಡಿಯವರೆಗಿನ ಅಂತರವೇ ಸವೆತದ ಅಳತೆ. ಜಾಯಿಂಟ್ ಬಿಚ್ಚದೆ, ಮಷಿನ್ ನಿಲ್ಲಿಸಿದ ಎರಡು ನಿಮಿಷದಲ್ಲಿ ವರ್ನಿಯರ್ ಹಿಡಿದು ಓದಬಹುದು.

ಇನ್ನೊಂದು ಲೆಕ್ಕವೂ ಇಲ್ಲಿ ಮುಖ್ಯ. ಕಾರ್ಬನ್ ಮೇಲೆ ಉಜ್ಜುವ ವೇಗ ಸೆಕೆಂಡಿಗೆ 6 ಸೆಂ.ಮೀ. ಮಾತ್ರ. ದಿನಕ್ಕೆ 20 ಗಂಟೆ ಓಡಿದರೆ 4.5 ಕಿ.ಮೀ. ಏಳು ತಿಂಗಳಿಗೆ 950 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ ಬಂದಷ್ಟು. ಒಳ್ಳೆಯ ಕಾರ್ಬನ್ ಗ್ರಾಫೈಟಿಗೆ ಇದು ದೊಡ್ಡ ದೂರವಲ್ಲ. ಗ್ರಾಫೈಟ್ ತಾನೇ ಜಾರುವ ವಸ್ತು, ಮೇಲೆ ಕಂಡೆನ್ಸೇಟಿನ ತೆಳು ಪದರವೂ ಸಿಗುತ್ತದೆ. ಬೇಗ ಸವೆದಿದ್ದರೆ ಕಾರಣ ಮೂರರಲ್ಲಿ ಒಂದು: ಮುಖದಲ್ಲಿ ಗೀರು, ಸ್ಟೀಮಿನ ಜೊತೆ ಬಂದ ಕಸ, ಇಲ್ಲವೆ ಬಾಡಿಯನ್ನು ಓರೆಯಾಗಿ ಎಳೆಯುತ್ತಿರುವ ಏನೋ ಒಂದು.

ಬಿಚ್ಚುವ ಮೊದಲು ನೋಡಿದ್ದು

ಎಲ್ಲಿಂದ ಸೋರುತ್ತಿದೆ ಎನ್ನುವುದನ್ನು ಮಷಿನ್ ಓಡುತ್ತಿರುವಾಗಲೇ ದೂರದಿಂದ, ಟಾರ್ಚ್ ಹಾಕಿ ನೋಡಿಕೊಳ್ಳಬೇಕು. ಜರ್ನಲ್ ತಿರುಪಿನಿಂದ ಬರುವ ಸೋರಿಕೆ ಸಿಲಿಂಡರಿನ ಜೊತೆ ಸುತ್ತುತ್ತದೆ. ಮುಚ್ಚಳದ ಗ್ಯಾಸ್ಕೆಟ್‌ನದು ಒಂದೇ ಜಾಗದಲ್ಲಿ ನಿಂತು ಚಿಮ್ಮುತ್ತದೆ. ನಿಪ್ಪಲ್ ಮತ್ತು ಬಾಡಿಯ ಸಂದಿಯಿಂದ ಬಂದರೆ ಅದು ಕಾರ್ಬನ್. ಬೆಳಿಗ್ಗೆ ಶುರುವಿನಲ್ಲಿ ತೊಟ್ಟಿಕ್ಕಿ, ಒತ್ತಡ ಏರಿದ ಮೇಲೆ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ಮುಖ ಸ್ವಲ್ಪ ಹದ ತಪ್ಪಿದೆ. ಒತ್ತಡ ಏರಿದಷ್ಟೂ ಹೆಚ್ಚಾದರೆ ಮುಖದಲ್ಲಿ ಗೀರು ಅಥವಾ ಓರೆ. ನಾಲ್ಕನೆಯ ಜಾಗವೊಂದಿದೆ, ಅದು ಕಣ್ಣಿಗೆ ಕಾಣುವುದೇ ಇಲ್ಲ: ಮುಚ್ಚಳದ ಒಳಗೆ ಸೈಫನ್ ಪೈಪಿನ ತಿರುಪು ಸಡಿಲವಾದರೆ ಸ್ಟೀಮ್ ಸಿಲಿಂಡರಿಗೆ ಹೋಗದೆ ಅಲ್ಲಿಂದಲೇ ಕಂಡೆನ್ಸೇಟ್ ಪೈಪಿಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ಸ್ಟೀಮ್ ಪೋಲಾಗುತ್ತಿರುತ್ತದೆ.

ಇಲ್ಲಿ ಸೋರುತ್ತಿದ್ದದ್ದು ನಿಪ್ಪಲ್ ಸಂದಿಯಿಂದ, ಅದೂ ಕೆಳಗಡೆಯ ಒಂದೇ ಬದಿಯಿಂದ, ಒತ್ತಡದ ಜೊತೆ ಹೆಚ್ಚುತ್ತಾ. ಜರ್ನಲ್ ಮುಖದಿಂದ ಬಾಡಿಗೆ ಅಂತರ 26 ಮಿ.ಮೀ. ಕಾರ್ಬನ್ ಹಾಕಿದ ದಿನ ಅದು 22 ಇತ್ತು. 4 ಮಿ.ಮೀ. ಹೋಗಿದೆ, ಈ ಮಾದರಿಗೆ 6 ಮಿ.ಮೀ. ತನಕ ಅವಕಾಶ. ಅಂದರೆ ಕಾರ್ಬನ್ ಇನ್ನೂ ಮುಗಿದಿಲ್ಲ, ಆದರೂ ಸೋರುತ್ತಿದೆ. ಓರೆಯ ಗುಮಾನಿ ಇಲ್ಲಿಗೇ ಗಟ್ಟಿಯಾಯಿತು.

ಮಷಿನ್ ನಿಲ್ಲಿಸಿ ಸ್ಟೀಮ್ ವಾಲ್ವ್ ಮುಚ್ಚಿ ಬೀಗ ಹಾಕಿ. ಕಂಡೆನ್ಸೇಟ್ ಕಡೆಯ ವಾಲ್ವನ್ನೂ ಮುಚ್ಚಿ ಬೀಗ ಹಾಕಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಏಳೂ ಸಿಲಿಂಡರುಗಳ ಕಂಡೆನ್ಸೇಟ್ ಒಂದೇ ಹೆಡರಿಗೆ (ದೊಡ್ಡ ಪೈಪಿಗೆ) ಸೇರುವುದರಿಂದ, ಉಳಿದ ಆರರ ಬಿಸಿನೀರು ಬೈಪಾಸ್ ಮೂಲಕ ಹಿಂದಕ್ಕೆ ಬಂದು ಬಿಚ್ಚುತ್ತಿರುವವರ ಕೈಮೇಲೆ ಬೀಳಬಹುದು. ಡ್ರೈನ್ ತೆರೆದು, ಗೇಜ್ ಸೊನ್ನೆಗೆ ಬಂದ ಮೇಲೂ ಅರ್ಧ ಗಂಟೆ ಬಿಡಬೇಕು. ಗೇಜ್ ಸೊನ್ನೆ ತೋರಿದರೂ ಸಿಲಿಂಡರಿನ ತಳದಲ್ಲಿ ಸುಡುವ ನೀರು ಇರುತ್ತದೆ. ಬೋಲ್ಟ್ ಸಡಿಲಿಸುವಾಗ ನಿಮ್ಮಿಂದ ದೂರದ ಬದಿಯದನ್ನು ಮೊದಲು. ಸಿಲಿಂಡರ್ ತಣ್ಣಗಾಗುವಾಗ ಒಳಗೆ ನಿರ್ವಾತ ಉಂಟಾಗುತ್ತದೆ, 4 ಮಿ.ಮೀ. ತಗಡು ಒಳಕ್ಕೆ ಕುಸಿಯಬಹುದು. ಆಗ ಹೊರಗಿನ ಗಾಳಿಯನ್ನು ಒಳಗೆ ಬಿಡುವ ವಾಲ್ವ್, ವ್ಯಾಕ್ಯೂಮ್ ಬ್ರೇಕರ್, ಕೆಲಸ ಮಾಡುತ್ತಿದೆಯೇ ಎಂದು ಇದೇ ಹೊತ್ತಿನಲ್ಲಿ ನೋಡಿಬಿಡಿ.

ಹೋಸ್ ಬಿಚ್ಚಿದಾಗ

ಮೊದಲು ಬಿಚ್ಚಿದ್ದು ಸ್ಟೀಮ್ ಹೋಸ್. ಯೂನಿಯನ್ ನಟ್‌ನ ಕೊನೆಯ ಎಳೆ ಬಿಡುತ್ತಿದ್ದಂತೆ ಹೋಸಿನ ತುದಿ ಟಕ್ಕನೆ ಪಕ್ಕಕ್ಕೆ ಹಾರಿ ಜಾಯಿಂಟಿನ ಬಾಯಿಯಿಂದ 14 ಮಿ.ಮೀ. ಆಚೆ ನಿಂತಿತು. ಕೈಯಲ್ಲಿ ಎಳೆದು ತಂದು ಮತ್ತೆ ಬಾಯಿಗೆ ಕೂರಿಸಲು ಮೊಣಕೈ ಊರಿ ತಳ್ಳಬೇಕಾಯಿತು. ಉದ್ದ 450 ಮಿ.ಮೀ.; ಹಿಂದಿನ ಸಲ ಹೋಸ್ ತೂತಾದಾಗ ಸಿಕ್ಕಿದ್ದನ್ನು ಹಾಕಿದ್ದಾರೆ. ಪಕ್ಕದ ಜಾಯಿಂಟುಗಳಲ್ಲಿ 750 ಮಿ.ಮೀ. ಹೋಸ್ ಸಡಿಲವಾಗಿ ಇಳಿಬಿದ್ದಿದೆ.

ಬಾಡಿ ತಿರುಗದಂತೆ ತಡೆಯುವ ಸರಳಿನದೂ ಅದೇ ಕಥೆ. 12 ಮಿ.ಮೀ. ಸರಳನ್ನು ಫ್ರೇಮಿನ ಆಂಗಲ್‌ಗೆ ಎರಡೂ ಕಡೆ ನಟ್ ಹಾಕಿ ಬಿಗಿದಿದ್ದರು. ಎಲ್ಲೂ ಅಲ್ಲಾಡಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿರುತ್ತಾರೆ. ಆದರೆ ಅಲ್ಲಾಡಲೇಬೇಕಾದ ಭಾಗ ಇದು. ಸಿಲಿಂಡರಿನ ಉದ್ದ ಜರ್ನಲ್ ಸೇರಿ 2 ಮೀಟರ್ ಎಂದಿಟ್ಟುಕೊಳ್ಳಿ. ಸ್ಟೇನ್‌ಲೆಸ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. 30 ಡಿಗ್ರಿಯಿಂದ 140ರ ಆಚೀಚೆಗೆ ಏರಿದರೆ 3.5ರಿಂದ 4 ಮಿ.ಮೀ. ಡ್ರೈವ್ ಕಡೆಯ ಬೇರಿಂಗ್ ಗಟ್ಟಿ ಹಿಡಿದಿರುತ್ತದೆ, ಆದ್ದರಿಂದ ಅಷ್ಟೂ ಹಿಗ್ಗು ಜಾಯಿಂಟ್ ಇರುವ ಕಡೆಗೇ ಬರುತ್ತದೆ. ಬಿಗಿದ ಸರಳು, ಗಿಡ್ಡ ಹೋಸ್ ಎರಡೂ ಸೇರಿದರೆ ಆ 4 ಮಿ.ಮೀ. ಹೋಗಲು ಜಾಗವಿಲ್ಲ, ಬಾಡಿ ಓರೆಯಾಗುತ್ತದೆ, ಕಾರ್ಬನ್ ಒಂದು ಬದಿಗೆ ಸವೆಯುತ್ತದೆ.

ಸರಳು ತಡೆಯಬೇಕಾದ ತಿರುಚು ಎಷ್ಟು? 590 ನ್ಯೂಟನ್ ಬಲ, ಕಾರ್ಬನ್ ಘರ್ಷಣೆ 0.1ರಿಂದ 0.2, ತ್ರಿಜ್ಯ 25 ಮಿ.ಮೀ. ಬರುವುದು 1.5ರಿಂದ 3 ನ್ಯೂಟನ್ ಮೀಟರ್. ಸಣ್ಣ ಸ್ಕ್ರೂ ಬಿಗಿಯುವಷ್ಟು. ಅದಕ್ಕೆ ಕವೆಯೊಳಗೆ ಸಡಿಲವಾಗಿ ಕೂತ ಸರಳು ಸಾಕು, ನಟ್ ಬೇಡವೇ ಬೇಡ.

ಬಿಚ್ಚಿದ ಮೇಲೆ ಅಳತೆ

ನಿಪ್ಪಲ್ ಬಿಚ್ಚುವಾಗ ತಿರುಪಿನ ದಿಕ್ಕು ನೋಡಿ. ನೂಲಿನ ಹಾಳೆ ಒಂದು ಸಿಲಿಂಡರಿನ ಮೇಲೆ ಹೋದರೆ ಮುಂದಿನದರ ಕೆಳಗೆ ಬರುತ್ತದೆ. ಅಕ್ಕಪಕ್ಕದ ಸಿಲಿಂಡರುಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಜಾಯಿಂಟ್ ಕಡೆ ನಿಂತು ಜರ್ನಲ್ ನೋಡಿದಾಗ ಅದು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿದರೆ ಬಲ ತಿರುಪು, ಮುಳ್ಳಿನ ದಿಕ್ಕಿಗೇ ತಿರುಗಿದರೆ ಎಡ ತಿರುಪು. ಕಾರಣ ಸರಳ: ನಿಂತಿರುವ ಕಾರ್ಬನ್ ನಿಪ್ಪಲ್ಲನ್ನು ಹಿಂದಕ್ಕೆ ಎಳೆಯುತ್ತದೆ, ಆ ಎಳೆತ ತಿರುಪನ್ನು ಬಿಗಿಸುವಂತಿರಬೇಕು, ಬಿಚ್ಚುವಂತಲ್ಲ. ಈ ಮಷಿನ್ನಿನಲ್ಲಿ 2, 4, 6 ಎಡ ತಿರುಪು. ಸ್ಟೋರಿನಲ್ಲಿ ಇದ್ದ ಎರಡೂ ಹೊಸ ನಿಪ್ಪಲ್ ಬಲ ತಿರುಪಿನವು. ಬಿಡಿಭಾಗ ತರಿಸುವಾಗ ಅಳತೆಯ ಜೊತೆ ದಿಕ್ಕನ್ನೂ ಬರೆದುಕೊಡದಿದ್ದರೆ ಅಂಗಡಿಯವರು ಬಲ ತಿರುಪನ್ನೇ ಕಳಿಸುತ್ತಾರೆ. ಬಂದ ದಿನವೇ ಪೇಂಟಿನಿಂದ ‘ಎಡ’, ‘ಬಲ’ ಎಂದು ಬರೆದಿಡುವುದು ಒಳ್ಳೆಯದು.

ಕಾರ್ಬನ್ ರಿಂಗ್: ಹೊಸದರ ದಪ್ಪ 16 ಮಿ.ಮೀ. ಬಿಚ್ಚಿದ್ದರಲ್ಲಿ ಒಂದು ಬದಿ 12.8, ಎದುರು ಬದಿ 10.9. ಸರಾಸರಿ ಸವೆತ 4ರ ಮೇಲೆ ಸ್ವಲ್ಪ. ಹೊರಗೆ ಅಳೆದ ಅಂತರಕ್ಕೆ ಸರಿಹೊಂದುತ್ತದೆ. ತೆಳುವಾದ ಬದಿ ಹೋಸ್ ಎಳೆಯುತ್ತಿದ್ದ ಬದಿಯೇ. ಗೋಳದ ಮುಖ ಸಣ್ಣ ಓರೆಯನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ, ಸದಾ ಒಂದೇ ಕಡೆಗೆ ಎಳೆಯುವ ಬಲದ ಮುಂದೆ ಅದೂ ಸೋಲುತ್ತದೆ.

ಬುಷ್ ಅಂಡಾಕಾರಕ್ಕೆ ತಿರುಗಿತ್ತು, ಬದಲಿಸಬೇಕು. ಸ್ಪ್ರಿಂಗಿನ ಸಡಿಲ ಉದ್ದ 57 ಮಿ.ಮೀ., ಹೊಸದು 62, ಅದೂ ಬದಲಿ. ನಿಪ್ಪಲ್ ಮುಖದಲ್ಲಿ ಸುತ್ತಲೂ ನವಿರಾದ ಗೆರೆಗಳು, ಒಂದು ಕಡೆ ಚೂರು ಆಳ. ಉಗುರು ಎಳೆದರೆ ಸಿಕ್ಕಿಕೊಳ್ಳಲಿಲ್ಲ, ಆದ್ದರಿಂದ ಉಜ್ಜಿ ಉಳಿಸಿಕೊಳ್ಳಬಹುದು. ಉಗುರು ಸಿಕ್ಕಿದರೆ ನಿಪ್ಪಲ್ ಬದಲಿಸುವುದೇ ಸರಿ. ಆ ಗೆರೆಗಳ ಮೂಲವೂ ಸಿಕ್ಕಿತು: ಕಾರ್ಬನ್ ತೋಡಿನಲ್ಲಿ ಟೆಫ್ಲಾನ್ ಟೇಪಿನ ಎಳೆಗಳು, ಅದಕ್ಕೆ ಅಂಟಿದ ಬಾಯ್ಲರ್ ಪುಡಿ. ಸ್ಟೀಮ್ ತಿರುಪಿಗೆ ಟೇಪ್ ಸುತ್ತಬಾರದು. ಬಿಗಿಯುವಾಗ ಕತ್ತರಿಸಿದ ಎಳೆ ನೇರ ಸೀಲಿಗೇ ಹೋಗುತ್ತದೆ. ಗ್ರಾಫೈಟ್ ಪೇಸ್ಟ್ ಸಾಕು, ಅದೂ ಮೊದಲ ಎರಡು ಎಳೆ ಬಿಟ್ಟು.

ನಿಪ್ಪಲ್ಲನ್ನು ಜರ್ನಲ್‌ಗೆ ಮತ್ತೆ ಹಾಕಿ ಡಯಲ್ ಗೇಜ್ ಇಟ್ಟು ಸಿಲಿಂಡರ್ ಕೈಯಲ್ಲಿ ತಿರುಗಿಸಿದಾಗ ಓಡಾಟ 0.6 ಮಿ.ಮೀ. ತಿರುಪಿನಲ್ಲಿ ಗಟ್ಟಿಯಾಗಿ ಕೂತಿದ್ದ ಹಳೆಯ ಪೇಸ್ಟ್ ಮತ್ತು ಒಂದು ಜಜ್ಜಿದ ಎಳೆ ಕಾರಣ. ಎಳೆಯನ್ನು ತ್ರಿಕೋನ ಅರದಿಂದ ತಿದ್ದಿ, ಜರ್ನಲ್ ಒಳಗಿನ ತಿರುಪನ್ನು ವೈರ್ ಬ್ರಷ್‌ನಿಂದ ತೊಳೆದ ಮೇಲೆ 0.15ಕ್ಕೆ ಬಂತು.

ತಣ್ಣಗಿನ ಸಿಲಿಂಡರಿನ ಕಾರಣ

ಸೈಫನ್ ಹೊರಗೆ ತೆಗೆದಾಗ ಎರಡನೆಯ ದೂರಿಗೆ ಉತ್ತರ ಸಿಕ್ಕಿತು. ಇದು ನಿಂತ ಸೈಫನ್: ಅಡ್ಡ ಪೈಪಿನ ತುದಿಗೆ ಮಡಿಚುವ ಗೆಣ್ಣು, ಗೆಣ್ಣಿನಿಂದ ಕೆಳಕ್ಕೆ ಇಳಿಯುವ ಕಾಲು. ನೇರ ಮಾಡಿ ಜರ್ನಲ್ ತೂತಿನಿಂದ ತೂರಿಸಿದರೆ ಒಳಗೆ ಹೋದ ಮೇಲೆ ಕಾಲು ತನ್ನ ಭಾರಕ್ಕೆ ಇಳಿಯುತ್ತದೆ. ಸಿಲಿಂಡರಿನ ಒಳತ್ರಿಜ್ಯ 396 ಮಿ.ಮೀ. ಕಾಲಿನ ತುದಿ ತಗಡಿನಿಂದ 6 ಮಿ.ಮೀ. ಮೇಲಿರಬೇಕಾದರೆ ನಡುಗೆರೆಯಿಂದ 390 ಇರಬೇಕು. ಇದ್ದದ್ದು 366. ಯಾವಾಗಲೋ ತುದಿ ಸವೆದಾಗ ಕತ್ತರಿಸಿ ಹಾಗೆಯೇ ಹಾಕಿದ್ದಾರೆ.

24 ಮಿ.ಮೀ. ತಾನೇ ಎನ್ನುವಂತಿಲ್ಲ. ತುದಿ 6 ಮಿ.ಮೀ. ಮೇಲಿದ್ದರೆ ಸಿಲಿಂಡರಿನ ತಳದಲ್ಲಿ ನಿಲ್ಲುವ ನೀರು ಸುಮಾರು 1 ಲೀಟರ್. 30 ಮಿ.ಮೀ. ಮೇಲಿದ್ದರೆ 11 ಲೀಟರ್. ದುಂಡಗಿನ ಪಾತ್ರೆಯ ತಳ ಹೀಗೆಯೇ: ನೀರು ಮೇಲೇರಿದಂತೆ ಅಗಲವೂ ಹೆಚ್ಚುತ್ತದೆ. ಆ 11 ಲೀಟರ್ 30 ಸೆಂ.ಮೀ. ಅಗಲದ ಪಟ್ಟಿಯನ್ನು ಮುಚ್ಚುತ್ತದೆ, ಅಲ್ಲಿ ಸ್ಟೀಮ್ ತಗಡನ್ನು ಮುಟ್ಟುವುದೇ ಇಲ್ಲ. ಮೋಟರಿಗೂ ಆ ನೀರನ್ನು ಕದಡುವ ಭಾರ.

ನಿಂತ ಸೈಫನ್ ಇಲ್ಲಿ ಸರಿ ಏಕೆಂದರೆ ಈ ವೇಗದಲ್ಲಿ ನೀರು ತಳದಲ್ಲೇ ಇರುತ್ತದೆ. ಸುತ್ತುವ ಬಲ ನೀರನ್ನು ತಗಡಿಗೆ ಅಂಟಿಸಿ ಮೇಲಕ್ಕೂ ಒಯ್ಯಬೇಕಾದರೆ 800 ಮಿ.ಮೀ. ಸಿಲಿಂಡರಿಗೆ ಲೆಕ್ಕದ ಪ್ರಕಾರವೇ ನಿಮಿಷಕ್ಕೆ ಸುಮಾರು 120 ಮೀಟರ್ ಬೇಕು, ನಿಜದಲ್ಲಿ ಇನ್ನೂ ಹೆಚ್ಚು. ವೇಗದ ಕಾಗದ ಯಂತ್ರಗಳಲ್ಲಿ ನೀರು ಒಳಗೆ ಬಳೆಯಂತೆ ಸುತ್ತುತ್ತದೆ; ಅಂಥಲ್ಲಿ ಸಿಲಿಂಡರಿನ ಜೊತೆಯೇ ತಿರುಗುವ ಸೈಫನ್ ಹಾಕುವುದುಂಟು, ಅಂತರ 2–3 ಮಿ.ಮೀ. ಆಗ ನೀರನ್ನು ಸುತ್ತುವ ಬಲಕ್ಕೆ ಎದುರಾಗಿ ನಡುವಿಗೆ ತರಬೇಕು, ಒಳ-ಹೊರಗಿನ ಒತ್ತಡದ ವ್ಯತ್ಯಾಸ ಹೆಚ್ಚು ಬೇಕು.

ಸೈಫನ್ ಸರಿಯಿದ್ದರೂ ಸಿಲಿಂಡರ್ ತಣ್ಣಗಾಗುವ ಇನ್ನೊಂದು ದಾರಿ ಸ್ಟೀಮ್ ಲಾಕ್. ಸೈಫನ್ ಪೈಪ್ ಪೂರ್ತಿ ಬಿಸಿ ಸಿಲಿಂಡರಿನೊಳಗೇ ಇದೆ. ಅದರೊಳಗೆ ಸಿಕ್ಕಿಕೊಂಡ ಸ್ಟೀಮ್ ತಣಿಯುವುದಿಲ್ಲ, ಟ್ರ್ಯಾಪ್ (ನೀರನ್ನು ಬಿಟ್ಟು ಸ್ಟೀಮ್ ತಡೆಯುವ ವಾಲ್ವ್) ಸ್ಟೀಮ್ ಕಂಡು ಮುಚ್ಚಿಕೊಳ್ಳುತ್ತದೆ, ಹಿಂದೆ ನೀರು ತುಂಬುತ್ತಾ ಹೋಗುತ್ತದೆ. ಟ್ರ್ಯಾಪ್ ತಪ್ಪಿಸಿ ಹೋಗುವ ಬೈಪಾಸ್ ತೆರೆದರೆ ಭರ್ರನೆ ನೀರು ಬಂದು ಸಿಲಿಂಡರ್ ಬಿಸಿಯಾಗುತ್ತದೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗೆ. ಈ ಲಕ್ಷಣ ಕಂಡರೆ ಸೈಫನ್ ಬಿಚ್ಚುವ ಮೊದಲು ಟ್ರ್ಯಾಪ್ ನೋಡಿ. ತಿರುಗುವ ಸಿಲಿಂಡರಿಗೆ ಥರ್ಮೊಡೈನಮಿಕ್ ಟ್ರ್ಯಾಪ್ ಒಗ್ಗುವುದಿಲ್ಲ. ಸ್ಟೀಮ್ ಲಾಕ್ ಬಿಡಿಸುವ ಸಣ್ಣ ಸೂಜಿ ವಾಲ್ವ್ ಇರುವ ಫ್ಲೋಟ್ ಟ್ರ್ಯಾಪ್ ಬೇಕು. ಇಲ್ಲಿ ಟ್ರ್ಯಾಪ್ ಸರಿಯಾದದ್ದೇ ಇತ್ತು, ಆದರೆ ಸೂಜಿ ವಾಲ್ವನ್ನು ಪೂರ್ತಿ ಮುಚ್ಚಿದ್ದರು. ಕಾಲು ಸುತ್ತು ತೆರೆಯಲಾಯಿತು.

ಉಜ್ಜಿ ಜೋಡಿಸಿದ್ದು

ಗೋಳದ ಮುಖವನ್ನು ಚಪ್ಪಟೆ ಕಲ್ಲಿನ ಮೇಲೆ ಉಜ್ಜಿದರೆ ಆಕಾರವೇ ಕೆಡುತ್ತದೆ. ಅದೇ ಬಾಗಿಗೆ ಲೇತಿನಲ್ಲಿ ಕಡೆದ ಎರಕದ ಉಂಗುರ ಮಾಡಿ, 400 ನಂಬರಿನ ಪೇಸ್ಟ್ ಹಚ್ಚಿ, ಗೆರೆ ಹೋದ ಮೇಲೆ 800. ಎಂಟು ಅಂಕಿ ಬರೆದ ಹಾಗೆ ಕೈ ಆಡಿಸಬೇಕು, ಒಂದೇ ದಿಕ್ಕಿಗೆ ತಿರುಗಿಸಿದರೆ ಹೊಸ ಗೆರೆ ಬೀಳುತ್ತದೆ. ಕಾರ್ಬನ್ ರಿಂಗನ್ನೇ ಇಟ್ಟು ಪೇಸ್ಟ್ ಹಾಕಿ ಉಜ್ಜುವ ಅಭ್ಯಾಸ ಕೆಲವು ಕಡೆ ಇದೆ, ದಯವಿಟ್ಟು ಮಾಡಬೇಡಿ. ಪೇಸ್ಟಿನ ಹರಳು ಮೆತ್ತನೆಯ ಕಾರ್ಬನ್‌ನಲ್ಲಿ ಹೂತು ಕೂರುತ್ತದೆ, ಆಮೇಲೆ ಆ ಕಾರ್ಬನ್ನೇ ಸಾಣೆಕಲ್ಲಾಗಿ ನಿಪ್ಪಲ್ಲನ್ನು ತಿನ್ನುತ್ತದೆ. ಉಜ್ಜಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ನಿಪ್ಪಲ್ ಮುಖಕ್ಕೆ ಬ್ಲೂ (ಎಲ್ಲೆಲ್ಲಿ ತಾಗುತ್ತದೆ ಎಂದು ತೋರಿಸುವ ನೀಲಿ ಬಣ್ಣ) ತೆಳುವಾಗಿ ಸವರಿ ಹೊಸ ಕಾರ್ಬನ್ ಇಟ್ಟು ಕಾಲು ಸುತ್ತು ತಿರುಗಿಸಿ ಎತ್ತಿ. ಕಾರ್ಬನ್ ಮೇಲೆ ಸುತ್ತಲೂ ಕಡಿಯದ ನೀಲಿ ಪಟ್ಟಿ ಮೂಡಬೇಕು. ಮೊದಲ ಸಲ ಒಂದು ಕಡೆ ಹೆಬ್ಬೆರಳಗಲ ಬಿಟ್ಟುಹೋಗಿತ್ತು. ಇನ್ನೂ ಹತ್ತು ನಿಮಿಷ 800ರಲ್ಲಿ ಉಜ್ಜಿದ ಮೇಲೆ ಪೂರ್ತಿ ಬಂತು. ಬ್ಲೂ ಒರೆಸಿ ತೆಗೆಯುವುದನ್ನು ಮರೆಯಬೇಡಿ.

ಕಾರ್ಬನ್‌ಗೆ ಎಣ್ಣೆ, ಗ್ರೀಸ್ ಏನೂ ಹಚ್ಚಬಾರದು. 144 ಡಿಗ್ರಿಯಲ್ಲಿ ಗ್ರೀಸ್ ಸುಟ್ಟು ಕರಕಾಗಿ ಮುಖಕ್ಕೆ ಅಂಟುತ್ತದೆ. ಬಾಡಿಯೊಳಗೆ ಬುಷ್, ಸ್ಪ್ರಿಂಗ್, ನಿಪ್ಪಲ್, ಕಾರ್ಬನ್ ಎಲ್ಲ ಕೂತ ಮೇಲೆ 1.5 ಮಿ.ಮೀ. ಗ್ರಾಫೈಟ್ ಗ್ಯಾಸ್ಕೆಟ್ ಇಟ್ಟು ಎಂ10 ಬೋಲ್ಟುಗಳನ್ನು ಎದುರುಬದುರಾಗಿ ಮೊದಲು 12, ಆಮೇಲೆ 25 ನ್ಯೂಟನ್ ಮೀಟರಿಗೆ ಬಿಗಿಯಲಾಯಿತು. ಬೆಂಚಿನ ಮೇಲೆ ಬಾಯಿಗಳನ್ನು ಮುಚ್ಚಿ 2 ಬಾರ್ ಗಾಳಿ ಕೊಟ್ಟು ಸೋಪು ನೀರು ಹಾಕಿದಾಗ ನಿಪ್ಪಲ್ ಸಂದಿಯಲ್ಲಿ ಸಣ್ಣ ಗುಳ್ಳೆಗಳು ಬಂದವು. ಹೊಸ ಕಾರ್ಬನ್‌ಗೆ ಅಷ್ಟು ಸಹಜ, ಅದು ಪಳಗಬೇಕು. ಗ್ಯಾಸ್ಕೆಟ್‌ನಲ್ಲಿ ಒಂದು ಗುಳ್ಳೆ ಬಂದರೂ ಬಿಚ್ಚಬೇಕು.

ಸೈಫನ್ ಕಾಲು 390ಕ್ಕೆ ಹೊಸದು, ತುದಿ 45 ಡಿಗ್ರಿ ಓರೆ ಕತ್ತರಿಸಿದ್ದು. ಚಪ್ಪಟೆ ತುದಿ ತಪ್ಪಿ ತಗಡಿಗೆ ತಾಗಿದರೆ ಬಾಯಿ ಮುಚ್ಚಿಹೋಗುತ್ತದೆ. ಪೈಪ್ ಮುಚ್ಚಳಕ್ಕೆ ತಿರುಪಿದ ಮೇಲೆ ಕಾಲು ನೇರ ಕೆಳಗಿದೆ ಎಂದು ಹೊರಗಿನಿಂದ ತಿಳಿಯಲು ಮುಚ್ಚಳದ ಮೇಲೆ ಪಂಚ್ ಗುರುತು ಹಾಕಿ. ಗುರುತಿಲ್ಲದಿದ್ದರೆ ಆರು ತಿಂಗಳ ನಂತರ ಯಾರೋ ಪೈಪ್ ರೆಂಚ್ ಹಾಕಿ ಒಂದಿಷ್ಟು ತಿರುಗಿಸುತ್ತಾರೆ, ಕಾಲು ಪಕ್ಕಕ್ಕೆ ನಿಲ್ಲುತ್ತದೆ, ಸಿಲಿಂಡರ್ ಅರ್ಧ ತುಂಬುತ್ತದೆ.

ಹೋಸ್ 750 ಮಿ.ಮೀ. ಸ್ಟೇನ್‌ಲೆಸ್, ಸುಲಭ ಬಾಗಿನಲ್ಲಿ ಇಳಿಬಿಟ್ಟು. ಜೋಡಿಸುವ ಮೊದಲು ಯೂನಿಯನ್ ನಟ್ ಹಾಕದೆ ತುದಿಯನ್ನು ಬಾಯಿಗೆ ಹಿಡಿದು ಕೈ ಬಿಡಿ, ಅಲ್ಲೇ ನಿಲ್ಲಬೇಕು. ಬಿಗಿಯುವಾಗ ಎರಡು ಸ್ಪ್ಯಾನರ್ ಬಳಸಿ, ಇಲ್ಲವಾದರೆ ಹೋಸೇ ತಿರುಚಿಕೊಳ್ಳುತ್ತದೆ. ಆಂಗಲ್‌ನಲ್ಲಿ 18 ಮಿ.ಮೀ. ಅಗಲದ ಕವೆ ಕತ್ತರಿಸಿ 12 ಮಿ.ಮೀ. ಸರಳನ್ನು ಅದರಲ್ಲಿ ಬಿಡಲಾಯಿತು; ಎರಡೂ ಬದಿ 3 ಮಿ.ಮೀ. ಸಡಿಲ, ಉದ್ದಕ್ಕೂ ಜಾರಲು ತಡೆಯಿಲ್ಲ. ಎಲ್ಲ ಜೋಡಿಸಿದ ಮೇಲೆ ಬಾಡಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡಬೇಕು. ಆಡದಿದ್ದರೆ ಎಲ್ಲೋ ಬಿಗಿದಿದೆ.

ಬೇರೆ ಕಡೆ ಇದೇ ಜಾಯಿಂಟ್

ಕಾಗದ ಕಾರ್ಖಾನೆಯ ಡ್ರೈಯರ್, ರಟ್ಟಿನ ಪೆಟ್ಟಿಗೆಯ ಕಾರುಗೇಷನ್ ರೋಲ್, ರಬ್ಬರ್ ಕ್ಯಾಲೆಂಡರ್ ಎಲ್ಲವೂ ಈ ಕಾರ್ಬನ್ ಕುಟುಂಬವನ್ನೇ ಬಳಸುತ್ತವೆ. ಉಕ್ಕು ಎರಕ ಹೊಯ್ಯುವ ಕಂಟಿನ್ಯುಯಸ್ ಕ್ಯಾಸ್ಟರಿನ ರೋಲುಗಳಿಗೆ, ಪ್ಲಾಸ್ಟಿಕ್ ಹಾಳೆಯ ಚಿಲ್ ರೋಲಿಗೆ ಒಳಗೆ ತಣ್ಣೀರು ಹಾಯಿಸುವ ಜಾಯಿಂಟಿನಲ್ಲಿ ಹೆಚ್ಚಾಗಿ ಬಾಲ್ ಬೇರಿಂಗ್ ಇರುತ್ತದೆ. ಸೀಲ್ ಸೋರಿದ ನೀರು ಬೇರಿಂಗಿಗೆ ಹೋಗದಂತೆ ಕೆಳಗೆ ತೂತುಗಳಿರುತ್ತವೆ. ಅಲ್ಲಿಂದ ಹನಿಯುತ್ತದೆ ಎಂದು ಬಿರಡೆ ಹೊಡೆದರೆ ಬೇರಿಂಗ್ ಹಾಳು. ಸಿಎನ್‌ಸಿ ಸ್ಪಿಂಡಲಿನ ನಡುವಿನಿಂದ 70 ಬಾರ್ ಕೂಲೆಂಟ್ ಕಳಿಸುವ ಜಾಯಿಂಟಿನಲ್ಲಿ ಸಿಲಿಕಾನ್ ಕಾರ್ಬೈಡ್ ಮುಖಗಳು, ಕೂಲೆಂಟ್ ಇಲ್ಲದೆ ವೇಗದಲ್ಲಿ ಓಡಿಸಿದರೆ ಸುಟ್ಟುಹೋಗುವಂಥವೂ ಇವೆ. ಜೆಸಿಬಿ, ಎಕ್ಸ್‌ಕವೇಟರ್ ದುರಸ್ತಿ ಮಾಡುವವರು ಸೆಂಟರ್ ಜಾಯಿಂಟ್ ಎನ್ನುವುದೂ ಇದರ ಬಂಧುವೇ: ನಿಧಾನದ ತಿರುಗಾಟ, ನೂರಾರು ಬಾರ್ ಎಣ್ಣೆ, ಒಂದರ ಮೇಲೊಂದು ಹಲವು ದಾರಿ, ನಡುನಡುವೆ ಸೀಲ್. ದಾರಿ ಎಷ್ಟೇ ಇರಲಿ, ಪೈಪಿನ ಭಾರವನ್ನು ಜಾಯಿಂಟಿನ ಮೇಲೆ ಹೇರಬಾರದು ಎಂಬ ಮಾತು ಎಲ್ಲಕ್ಕೂ ಒಂದೇ.

ಸ್ಟೀಮ್ ಬಿಟ್ಟಿದ್ದು, ಮುಂದಿನ ಓದುಗಳು

ಕಾರ್ಬನ್ ಒಡೆಯುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷದಲ್ಲಿ. ತಣ್ಣಗಿನ ಜಾಯಿಂಟಿಗೆ ಒಮ್ಮೆಲೇ 3 ಬಾರ್ ಬಿಟ್ಟರೆ ಬಿಸಿಯ ಹೊಡೆತಕ್ಕೆ ಸೀಳುತ್ತದೆ, ಪೈಪಿನಲ್ಲಿ ನಿಂತ ನೀರು ಸುತ್ತಿಗೆಯಂತೆ ಬಂದು ಬಡಿಯುತ್ತದೆ. ಮೊದಲು ಜಾಯಿಂಟ್ ಜೋಡಿಸದೆ ಹೋಸ್ ತುದಿಯನ್ನು ಸುರಕ್ಷಿತ ಕಡೆ ಕಟ್ಟಿ ಪೈಪ್ ಊದಿ ಕಸ ತೆಗೆಯಲಾಯಿತು, ಸ್ಟ್ರೈನರ್ ಜಾಲರಿ ತೊಳೆಯಲಾಯಿತು. ನಂತರ ಸಿಲಿಂಡರ್ ತಿರುಗುತ್ತಿರುವಾಗ, ಕಂಡೆನ್ಸೇಟ್ ಬೈಪಾಸ್ ತೆರೆದಿಟ್ಟು, ಅರ್ಧ ಬಾರಿನಲ್ಲಿ 10 ನಿಮಿಷ, 1 ಬಾರಿನಲ್ಲಿ 10 ನಿಮಿಷ, ಆಮೇಲೆ ಬೈಪಾಸ್ ಮುಚ್ಚಿ ನಿಧಾನಕ್ಕೆ 3ಕ್ಕೆ. ಒಟ್ಟು 35 ನಿಮಿಷ ಹಿಡಿಯಿತು.

ಮೊದಲ ಗಂಟೆ ನಿಪ್ಪಲ್ ಸಂದಿಯಲ್ಲಿ ಬೆವರಿದಂತೆ ತೇವ, ಎರಡನೆಯ ಪಾಳಿಯ ಹೊತ್ತಿಗೆ ಒಣಗಿತು. ಬಿಸಿಯಾದ ಮೇಲೆ ಸರಳಿನ ಗುರುತು ಕವೆಯಲ್ಲಿ 3.5 ಮಿ.ಮೀ. ಹೊರಗೆ ಸರಿದಿತ್ತು, ಲೆಕ್ಕ ಹೇಳಿದಷ್ಟೇ. ಸಿಲಿಂಡರಿನ ಶಾಖ ನಡುವೆ 132, ಅಂಚಿನಲ್ಲಿ 131 ಮತ್ತು 133.

ಜರ್ನಲ್‌ನಿಂದ ಬಾಡಿಗೆ ಅಂತರ: ಜೋಡಿಸಿದಾಗ 22.0, ಮರುದಿನ 22.2, ಏಳನೆಯ ದಿನ 22.2, ಮೂವತ್ತನೆಯ ದಿನ 22.3. ಮೊದಲ ದಿನದ 0.2 ಪಳಗಿದ ಸವೆತ. ಉಳಿದ ಆರು ಜಾಯಿಂಟುಗಳ ಅಂತರವನ್ನೂ ಅದೇ ದಿನ ಓದಿ ಫ್ರೇಮಿನ ಮೇಲೆ ಪೇಂಟಿನಲ್ಲಿ ಬರೆಯಲಾಗಿದೆ. 6ನೆಯದು 24.8 ಇದೆ. ಅದರ ಸರಳಿಗೂ ಎರಡು ಕಡೆ ನಟ್ ಬಿಗಿದಿದೆ, ಬರುವ ವಾರದ ರಜೆಗೆ ಆಂಗಲ್ ಕತ್ತರಿಸಬೇಕು.